ಹುಬ್ಬಳ್ಳಿಯಿಂದ ಮಂಗಳೂರಿಗೆ ಐವತ್ತು ನಿಮಿಷ

ಹೋದ ವಾರ ಹುನಗುಂದದಲ್ಲಿ ಬೀಗರ ಮನೆಯ ಗೃಹಪ್ರವೇಶವಿತ್ತು. ಊಟಕ್ಕೆ ಕೂತಿದ್ದೆ. ಆಗ ತಾನೇ ಎಲೆಗೆ ಹೋಳಿಗೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಬೀಗರ ಅಳಿಯ ಎಡಗೈಯಲ್ಲಿ ಮೊಬೈಲು ಹಿಡಿದು ನನ್ನ ಮುಖದ ಹತ್ತಿರ ತಂದ.

"ಇಲ್ನೋಡ್ರಿ ಸರ್ರ. ಬೆಳಗಾವಿಯಿಂದ ಮೈಸೂರಿಗೆ ವಿಮಾನದಾಗ ಒಂದ ತಾಸು ಹತ್ತ ನಿಮಿಷ ಅಂತ. ನಮ್ಮ ಮಾವಾರು ಸುಮ್ನ ಟ್ರೇನಿನಾಗ ಕುಂತು ಸೊಂಟ ನೋಯಿಸಿಕೊಳ್ತಾರ. ಈ ಸಲ ವಿಮಾನದಾಗ ಕಳಿಸಿಬಿಡ್ತೇನಿ."

"ಆ ವಿಮಾನ ಐತೇನು?" ಎಂದೆ.

"ಟೈಮ್ ಕೊಟ್ಟಾರಲ್ರಿ! ವಿಮಾನ ಇರದ ಟೈಮ್ ಯಾಕ ಕೊಡ್ತಾರ?"

ಮುರಿದ ಹೋಳಿಗೆಯನ್ನು ಎಲೆಗೇ ಮರಳಿ ಇಟ್ಟೆ. (ತುಪ್ಪ ಕಡಿಮೆಯಾಯಿತು ಅಂತ ತಿಳಿದು ಬೀಗರು ಇನ್ನೊಂದು ಚಮಚ ಹಾಕಿ ಹೋದರು.)

ಯಾಕೆಂದರೆ ಇದೇ ಮಾತನ್ನು, ಇದೇ ಧಾಟಿಯಲ್ಲಿ, ಇದೇ ರೀತಿ ಮೊಬೈಲು ಚಾಚಿ ನಾನೂ ಆಡಿದ್ದೆ. ಒಂದು ವರ್ಷವಾಯಿತು. ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೆಂಡತಿಯ ಮುಂದೆ ಕೂಡ.

ನೀವೂ ನೋಡಿರುತ್ತೀರಿ. ಇಂಟರ್ನೆಟ್ಟಿನಲ್ಲಿ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೂ ನಡುವಿನ ದೂರ ಇಷ್ಟು, ಹಾರಾಟಕ್ಕೆ ಇಷ್ಟು ಹೊತ್ತು ಅಂತ ಹೇಳುವ ಪುಟಗಳಿವೆ. ಭೂಪಟದ ಮೇಲೊಂದು ಗೆರೆ ಎಳೆಯುತ್ತವೆ. ಆ ಗೆರೆಯ ಉದ್ದವನ್ನು ವಿಮಾನದ ವೇಗದಿಂದ ಭಾಗಿಸುತ್ತವೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆ ಗೆರೆಯ ಮೇಲೆ ನಿಜವಾಗಿ ಒಂದು ವಿಮಾನ ಹಾರುತ್ತದೋ ಇಲ್ಲವೋ, ಅದು ಬೇರೆ ಪ್ರಶ್ನೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಹೇಳಿಯೂ ಇರುತ್ತಾರೆ. ಸಣ್ಣ ಅಕ್ಷರ ಓದುವ ತಾಳ್ಮೆ ಯಾರಿಗಿದೆ?

ಈ ಅಂಕಣದಲ್ಲಿ ನಾನು ವಾರವಾರವೂ ಯಾರನ್ನಾದರೂ ಬೈಯುತ್ತ ಬಂದಿದ್ದೇನೆ. ರಸ್ತೆಯ ಗುಂಡಿ ಮುಚ್ಚದವರನ್ನು, ಮದುವೆಯಲ್ಲಿ ಅನ್ನ ಚೆಲ್ಲುವವರನ್ನು, ಬಸ್ಸಿನಲ್ಲಿ ಸ್ಪೀಕರ್ ಹಾಕಿ ವಿಡಿಯೋ ನೋಡುವವರನ್ನು. ಈ ವಾರ ಬೈಸಿಕೊಳ್ಳುವ ಸರದಿ ನನ್ನದು.

ರುಬಿನಾ ನನ್ನ ವಿದ್ಯಾರ್ಥಿನಿ. ನಾನು ಇಳಕಲ್ಲಿನ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಮೂರನೇ ಬೆಂಚಿನ ತುದಿಗೆ ಕೂರುತ್ತಿದ್ದಳು. ಕೇಳಿದರೆ ಮಾತ್ರ ಮಾತು. ಆದರೆ ಹೇಳಿದ ಉತ್ತರ ತಪ್ಪುತ್ತಿರಲಿಲ್ಲ. ಅವಳು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ತಾಯಿ ಜೈತೂನಬಿ ಮನೆಯಲ್ಲೇ ಕೂತು ಸೀರೆಯ ಕೆಲಸ ಮಾಡುತ್ತಿದ್ದರು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಸೆರಗಿನ ರೇಷ್ಮೆಯ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಸಾವಿರಾರು ಎಳೆಗಳು. ಜೈತೂನಬಿ ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಮಾಡುತ್ತಿದ್ದುದು ಅದನ್ನೇ. (ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ.)

ಪಿಯು ಮುಗಿಸಿ ನರ್ಸಿಂಗ್ ಓದುತ್ತೇನೆ ಅಂದಳು ರುಬಿನಾ. ಅರ್ಜಿ ತುಂಬಿಕೊಟ್ಟವನು ನಾನು. ಮಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಾಗ ಊರ ತುಂಬ ಹೇಳಿಕೊಂಡು ತಿರುಗಿದವನೂ ನಾನೇ. ಆಮೇಲೆ ನಾನು ನಿವೃತ್ತನಾಗಿ ಬಾದಾಮಿಗೆ ಬಂದು ನೆಲೆಸಿದೆ. ನಾಲ್ಕು ವರ್ಷ ಅವಳು ಅಲ್ಲಿ ಓದಿದಳು. ಆ ನಾಲ್ಕು ವರ್ಷದಲ್ಲಿ ಜೈತೂನಬಿ ಒಮ್ಮೆಯೂ ಮಂಗಳೂರು ನೋಡಲಿಲ್ಲ. ಕೆಲಸ ಬಿಟ್ಟು ಏಳುವ ಹಾಗಿರಲಿಲ್ಲ. ರಜೆಗೆ ಮಗಳೇ ಬಂದು ಹೋಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ದಿನ ರುಬಿನಾಳ ಫೋನ್ ಬಂತು.

"ಸರ್ರ, ನಮ್ದು ಗ್ರ್ಯಾಜುಯೇಷನ್ ಐತ್ರಿ. ನಮ್ಮ ಕಾಲೇಜಿನಾಗ ಬ್ಯಾಜ್ ಹಚ್ಚೋದು ಪ್ರಿನ್ಸಿಪಾಲರಲ್ಲ, ಅವ್ವಂದಿರು. ಒಬ್ಬೊಬ್ಬರ ಹೆಸರು ಕರೀತಾರ. ಅವ್ವ ಸ್ಟೇಜಿನ ಮ್ಯಾಲೆ ಬಂದು ಹಚ್ಚಬೇಕು. ನಮ್ಮ ಅಮ್ಮಾ ಬರ್ತಾಳ. ನೀವೂ ಬರ್ರಿ ಸರ್ರ."

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನವೇ ಇಳಕಲ್ಲಿಗೆ ಹೋದೆ. ಜೈತೂನಬಿಯ ಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ಗಂಗಕ್ಕ ಶೇಂಗಾ ಸುಲಿಯುತ್ತ ಕೂತಿದ್ದರು. ಇಬ್ಬರದೂ ಇಪ್ಪತ್ತು ವರ್ಷದ ನೆರೆ. ಪ್ರಯಾಣದ ಏರ್ಪಾಡು ಆಗಲೇ ಆಗಿತ್ತು.

"ಗಂಗಕ್ಕ ಬರ್ತಾಳ್ರಿ ಜೋಡಿ," ಎಂದರು ಜೈತೂನಬಿ. "ಆಕಿ ತಮ್ಮ ಸುರತ್ಕಲ್ಲಿನಾಗ ಸೆಂಟ್ರಿಂಗ್ ಕೆಲಸಕ್ಕ ಅದಾನ. ನಾಕ ಸಲ ಹೋಗಿ ಬಂದಾಳ. ಸಂಜಿಗೆ ಇಲ್ಲೇ ಬಸ್ ಹತ್ತಿದ್ರ ಮುಂಜಾನಿ ಮಂಗಳೂರು. ಅವ್ನ ರೂಮಿನಾಗ ಜಳಕಾ ಮಾಡಿ ಹೋಗೂದು."

ಇಷ್ಟು ಸರಳ. ಇಷ್ಟು ಭದ್ರ. ನಾನು ಚಹಾ ಕುಡಿದು, "ಛಲೋ ಆತು, ನಾನೂ ಅಲ್ಲಿಗೆ ಬರ್ತೇನಿ" ಎಂದು ಎದ್ದು ಬರಬಹುದಿತ್ತು. ಬಂದೆನೇ?

ಇಲ್ಲ. ಮೊಬೈಲು ತೆಗೆದೆ.

"ಅಷ್ಟ ದೂರ ಬಸ್ಸಿನಾಗ ಕುಂತು ಹೋಗ್ತೀರೇನು? ಮಗಳ ಕಾರ್ಯಕ್ರಮಕ್ಕ ತೂಕಡಿಸಿಕೋತ? ಇಲ್ನೋಡ್ರಿ. ಹುಬ್ಬಳ್ಳಿ ಏರ್‌ಪೋರ್ಟಿನಿಂದ ಮಂಗಳೂರು ಏರ್‌ಪೋರ್ಟಿಗೆ ಬರೇ ಇನ್ನೂರಾ ಎಪ್ಪತ್ತು ಕಿಲೋಮೀಟರ್. ಐವತ್ತ ನಿಮಿಷ!"

ಗಂಗಕ್ಕನ ಕೈಯಲ್ಲಿನ ಶೇಂಗಾ ಅಲ್ಲೇ ನಿಂತಿತು. "ಐವತ್ತ ನಿಮಿಷಾ? ಐವತ್ತ ನಿಮಿಷದಾಗ ನಾನು ಬಾಜೂಕಿನ ಗುಡೂರ ಮುಟ್ಟೂದಿಲ್ರಿ."

"ಮತ್ತ? ವಿಮಾನ ಅಂದ್ರ ಏನಂತ ತಿಳಿದೀರಿ? ಟಿಕೆಟ್ ನಂದು. ಜೈತೂನಬಿ, ನೀವು ನನ್ನ ಜೋಡಿ ವಿಮಾನದಾಗ ಬರೋರು. ಮುಗೀತು."

ಜೈತೂನಬಿ ಗಂಗಕ್ಕನ ಮುಖ ನೋಡಿದರು. ಗಂಗಕ್ಕ ನಕ್ಕು, "ಹೋಗಬೇ. ಮಾಸ್ತರು ಇಷ್ಟ ಪ್ರೀತಿಲೆ ಕರೀತಾರ. ನಾ ಬಸ್ಸಿಗೆ ಬಂದು ನಿನ್ನ ಹಾದಿ ಕಾಯ್ತೇನಿ" ಎಂದರು.

ಆ ಹೊತ್ತಿನಲ್ಲಿ ನನ್ನ ಮುಖ ಹೇಗಿದ್ದಿರಬೇಕು ಅಂತ ಈಗ ಊಹಿಸಬಲ್ಲೆ. ಓಣಿಯ ಇನ್ನೂ ನಾಲ್ಕು ಮಂದಿ ಬಾಗಿಲಿಗೆ ಬಂದಿದ್ದರು. "ಜೈತೂನಬಿ ವಿಮಾನದಾಗ ಹೊಂಟಾಳಂತ!" ಸುದ್ದಿ ನಾನು ಕಟ್ಟೆ ಇಳಿಯುವ ಮೊದಲೇ ಓಣಿಯ ತುದಿ ತಲುಪಿತ್ತು. ದಾನ ಮಾಡುವುದರಲ್ಲಿ ಒಂದು ಸುಖವಿದೆಯಲ್ಲ, ಅದನ್ನು ನಾನು ಪೂರ್ತಿ ಅನುಭವಿಸಿಕೊಂಡು ಬಸ್ಸು ಹತ್ತಿದೆ. (ಹೌದು, ಬಸ್ಸು. ಬಾದಾಮಿಗೆ.)

ಮನೆಗೆ ಬಂದು ಟಿಕೆಟ್ ಬುಕ್ ಮಾಡಲು ಕೂತೆ. ಹುಬ್ಬಳ್ಳಿ, ಮಂಗಳೂರು, ತಾರೀಕು. ಒತ್ತಿದೆ.

ನೇರ ವಿಮಾನ ಇರಲಿಲ್ಲ.

ಬೇರೆ ತಾರೀಕು ಹಾಕಿ ನೋಡಿದೆ. ಇಲ್ಲ. ಬೇರೆ ಆ್ಯಪ್‌ನಲ್ಲಿ ನೋಡಿದೆ. ಇಲ್ಲ. ಇದ್ದದ್ದೆಲ್ಲ ಬೆಂಗಳೂರಿನ ಮೇಲೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ಇಳಿದು, ಕಾದು, ಇನ್ನೊಂದು ವಿಮಾನ ಹತ್ತಿ ಮಂಗಳೂರು. ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗಲು ಹುಬ್ಬಳ್ಳಿ ಸುತ್ತಿ ಬಂದ ಹಾಗೆ.

ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ಆಕೀನ್ನ ಬಸ್ಸಿಗೆ ಹೋಗಾಕ ಬಿಡ್ರಿ," ಎಂದಳು.

"ಹೇಳಿಬಿಟ್ಟೇನಲ್ಲ ಅವರಿಗೆ."

"ಹೇಳಿದ್ರ ಇನ್ನೊಮ್ಮೆ ಹೇಳ್ರಿ. ನೇರ ವಿಮಾನ ಇಲ್ಲಂತ. ಅದರಾಗ ಏನೈತಿ?"

ಅದರಲ್ಲಿ ಏನಿತ್ತು? ಏನೂ ಇರಲಿಲ್ಲ. ಆದರೆ ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ "ನಾನು ಹೇಳಿದ್ದು ತಪ್ಪು" ಅನ್ನುವ ಒಂದು ವಾಕ್ಯ ಎಷ್ಟು ಭಾರ ಗೊತ್ತೇ? ಬೆಳಗ್ಗೆ ಒಂಬತ್ತೂವರೆಯ ವಿಮಾನ. ಹನ್ನೆರಡೂಕಾಲಕ್ಕೆ ಬೆಂಗಳೂರಿನಿಂದ ಇನ್ನೊಂದು. ಒಂದೂಕಾಲಕ್ಕೆ ಮಂಗಳೂರು. ಕಾರ್ಯಕ್ರಮ ಮೂರಕ್ಕೆ. ಕೂಡಿಸಿ ನೋಡಿದೆ, ಕಳೆದು ನೋಡಿದೆ. ಆಗುತ್ತದೆ ಅನಿಸಿತು.

ಆದರೂ ಹೇಳಬೇಕಲ್ಲ ಎಂದು ಜೈತೂನಬಿಗೆ ಫೋನ್ ಮಾಡಿದೆ. ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ದಿನವಿತ್ತು.

"ನೇರ ಇಲ್ಲಂತ್ರಿ. ಬೆಂಗಳೂರಿನಾಗ ಇಳಿದು ಇನ್ನೊಂದು ಹತ್ತಬೇಕು."

ಆ ಕಡೆಯಿಂದ ಅವರು ಬಹಳ ಮೆತ್ತಗೆ ಅಂದರು, "ಹಂಗಾದ್ರ ನಾ ಗಂಗಕ್ಕನ ಜೋಡಿ ಬಸ್ಸಿಗೇ ಹೋಗ್ತೇನ್ರಿ ಸರ್ರ. ಸೀಟ್ ಇನ್ನೂ ಅದಾವಂತ."

"ಏ ಬ್ಯಾಡ ಬ್ಯಾಡ. ಟಿಕೆಟ್ ಮಾಡಿಬಿಟ್ಟೇನಿ," ಎಂದೆ.

ಮಾಡಿರಲಿಲ್ಲ. ಫೋನ್ ಇಟ್ಟ ಮೇಲೆ ಮಾಡಿದೆ.

ಹಿಂದಿನ ದಿನ ಸಂಜೆ ಜೈತೂನಬಿ ನಮ್ಮ ಮನೆಗೆ ಬಂದರು. ಇಳಕಲ್ಲಿನ ಬಸ್ ಸ್ಟ್ಯಾಂಡಿಗೆ ಅವರೂ ಗಂಗಕ್ಕನೂ ಒಟ್ಟಿಗೇ ಬಂದಿದ್ದರಂತೆ. ಗಂಗಕ್ಕ ಮಂಗಳೂರಿನ ಬಸ್ಸಿಗೆ ಸೀಟು ಹಿಡಿದು ಕೂತರಂತೆ. ಇವರು ಬಾದಾಮಿಯ ಬಸ್ಸು ಹತ್ತಿದರಂತೆ. "ಕಿಡಕ್ಯಾಗಿಂದ ಕೈ ಮಾಡಿದ್ಳ್ರಿ," ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. "ನಾಳೆ ನೀ ಮ್ಯಾಲಿಂದ ಬರ್ತಿ, ನಾ ಕೆಳಗಿಂದ ಬರ್ತೇನಿ ಅಂದ್ಳು."

ಮರುದಿನ ನಸುಕಿಗೇ ಕಾರು ಹೇಳಿದ್ದೆ. ಹೊರಡುವಾಗ ಹೆಂಡತಿ ಜೈತೂನಬಿಯ ಸೀರೆ ನೋಡಿ, "ಎಷ್ಟ ಛಂದ ಐತಿ!" ಎಂದಳು. ಗಾಢ ಹಸಿರು ಒಡಲು, ಕೆಂಪು ಸೆರಗು.

"ಇದಕ್ಕ ನಾನ ಕೊಂಡಿ ಹಾಕೀನ್ರಿ," ಎಂದರು ಜೈತೂನಬಿ, ಸಂಕೋಚದಿಂದ. "ಇಷ್ಟ ವರ್ಷ ಹಾಕೀನಿ, ಒಂದೂ ಉಟ್ಟಿರಲಿಲ್ಲ. ಸ್ಟೇಜ್ ಹತ್ತಬೇಕಲ್ಲ ಅಂತ ಈ ಸಲ ತಗೊಂಡೆ."

ಕುಳಗೇರಿ ಕ್ರಾಸ್ ದಾಟಿ ನವಲಗುಂದದ ಕಡೆ ಹೋಗುವಾಗ ಬೆಳಕು ಹರಿಯಿತು. ಅವರ ತೊಡೆಯ ಮೇಲೆ ಒಂದು ಕೈಚೀಲ. ಮಗಳಿಗೂ ಅವಳ ಗೆಳತಿಯರಿಗೂ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಒಂದು ಸ್ಟೀಲ್ ಡಬ್ಬಿಯ ತುಂಬ ಮಾವಿನಕಾಯಿ ಉಪ್ಪಿನಕಾಯಿ. "ಹಾಸ್ಟೆಲ್ಲಿನಾಗ ಎಲ್ಲಾರೂ ರುಬಿನಾನ ಅಮ್ಮಾನ ಉಪ್ಪಿನಕಾಯಿ ಅಂತ ಕೇಳ್ತಾರಂತ್ರಿ."

ಹುಬ್ಬಳ್ಳಿಯ ನಿಲ್ದಾಣದಲ್ಲಿ ತಪಾಸಣೆಯವರು ಆ ಡಬ್ಬಿಯನ್ನು ತೆಗೆದಿಟ್ಟರು. ಎಣ್ಣೆ, ಖಾರ, ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ. ನಿಯಮ ನಿಯಮವೇ. ಅವರ ತಪ್ಪು ಒಂದಿಷ್ಟೂ ಇಲ್ಲ. ಮೊದಲೇ ಹೇಳಬೇಕಿದ್ದವನು ನಾನು. "ಚೀಲ ಸಣ್ಣದಿರಲಿ, ಕೈಯಾಗ ಹಿಡಕೊಂಡ ಹೋಗೋಣು" ಎಂದು ಅಪ್ಪಣೆ ಮಾಡಿದವನೂ ನಾನೇ. ಜೈತೂನಬಿ ಡಬ್ಬಿಯನ್ನು ಒಮ್ಮೆ ನೋಡಿ, "ಇರ್ಲಿ ಬಿಡ್ರಿ, ಮತ್ತ ಹಾಕಿದ್ರಾತು" ಎಂದರು.

ಆಮೇಲೆ ಕಾಯುವ ಕೆಲಸ ಶುರುವಾಯಿತು.

ಬೆಂಗಳೂರಿನಲ್ಲಿ ಮಂಜು. ನಮ್ಮ ವಿಮಾನ ಬರಬೇಕಾದದ್ದು ಅಲ್ಲಿಂದಲೇ. ಒಂಬತ್ತೂವರೆ ಹತ್ತೂವರೆಯಾಯಿತು, ಹತ್ತೂವರೆ ಹನ್ನೊಂದೂವರೆಯಾಯಿತು. ಪ್ರತಿ ಸಲ ಪ್ರಕಟಣೆಯಾದಾಗಲೂ ಜೈತೂನಬಿ ನನ್ನ ಮುಖ ನೋಡುತ್ತಿದ್ದರು. ಇಂಗ್ಲಿಷು, ಹಿಂದಿ ಎರಡರಲ್ಲೂ ಹೇಳುತ್ತಿದ್ದರು. ಹಿಂದಿ ಅವರಿಗೆ ನನಗಿಂತ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ನನ್ನನ್ನೇ ನೋಡುತ್ತಿದ್ದರು. ನಾನು ಏನಾದರೂ ಬೇರೆ ಹೇಳಬಹುದು ಅಂತ ಇರಬೇಕು.

"ಆಗ್ತೈತ್ರಿ. ಮುಟ್ಟತೇವಿ," ಎಂದೆ ಒಮ್ಮೆ.

"ಹೂಂ ಸರ್ರ."

"ಬೆಂಗಳೂರಿನಾಗೂ ಮಂಜಂದ್ರ ಆ ವಿಮಾನಾನೂ ತಡಾ ಆಗಿರ್ತೈತಿ. ಸಿಗತೈತಿ," ಎಂದೆ ಇನ್ನೊಮ್ಮೆ.

"ಹೂಂ ಸರ್ರ."

ಒಂಬತ್ತು ಗಂಟೆಗೇ ಗಂಗಕ್ಕನ ಫೋನ್ ಬಂದಿತ್ತು. ಮಂಗಳೂರು ಮುಟ್ಟಿ, ಜಳಕ ಮಾಡಿ, ಇಡ್ಲಿ ತಿಂದು, ರುಬಿನಾಳ ಹಾಸ್ಟೆಲ್ಲಿಗೆ ಹೊರಟಿದ್ದರು.

ಹನ್ನೆರಡಕ್ಕೆ ನಮ್ಮ ವಿಮಾನ ಎದ್ದಿತು. ಕಿಟಕಿಯ ಸೀಟನ್ನು ಜೈತೂನಬಿಗೇ ಕೊಟ್ಟಿದ್ದೆ. ಮೊದಲ ಸಲ ವಿಮಾನ ಹತ್ತಿದವರ ಮುಖ ನೋಡಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಅವರು ಹೊರಗೆ ನೋಡಲೇ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಹೆದರಿಕೆ ಅಂದುಕೊಂಡೆ. "ಹೆದರಬ್ಯಾಡ್ರಿ" ಎಂದೆ.

ಕಣ್ಣು ತೆರೆದು, "ಹೆದರಿಕಿ ಅಲ್ರಿ. ಆ ಇನ್ನೊಂದು ವಿಮಾನ ಇನ್ನೂ ಅಲ್ಲೇ ಇರ್ಲಿ ಅಂತ ಬೇಡಿಕೊಳ್ಳಾಕತ್ತೀನಿ" ಎಂದರು.

ಅದು ಇರಲಿಲ್ಲ. ಮಂಜು ಕರಗಿದ ಮೇಲೆ ಅದು ತನ್ನ ಹೊತ್ತಿಗೇ ಹೋಗಿತ್ತು. ಮುಂದಿನದು ನಾಲ್ಕೂ ಇಪ್ಪತ್ತಕ್ಕೆ ಎಂದರು ಕೌಂಟರಿನವರು. ಕ್ಷಮೆ ಕೇಳಿ, ಊಟದ ಕೂಪನ್ ಕೊಟ್ಟರು.

ಎರಡೂವರೆಗೆ ರುಬಿನಾಳ ಫೋನ್. ಜೈತೂನಬಿ ಎತ್ತಿ, "ಹಾಂ ಬೇಟಿ" ಎಂದಷ್ಟೇ ಅಂದು ಫೋನನ್ನು ನನ್ನ ಕೈಗಿಟ್ಟರು.

"ಸರ್ರ, ಎಲ್ಲಿದ್ದೀರಿ? ಗಂಗಕ್ಕ ಮುಂದಿನ ಸಾಲಿನಾಗ ಅಮ್ಮಾಗ ಖುರ್ಚಿ ಹಿಡಿದಾಳ."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆ ಕಡೆ ಮೈಕಿನವರು "ಹಲೋ, ಹಲೋ, ಚೆಕ್" ಅನ್ನುತ್ತಿದ್ದುದು ಮಾತ್ರ ಕಿವಿಯಲ್ಲಿದೆ.

"ಆತ್ರಿ ಸರ್ರ," ಎಂದಳು ಅವಳು. "ನಾನು ಲಾಸ್ಟಿಗೆ ಕರೀರಿ ಅಂತ ಮೇಡಂಗೆ ಕೇಳ್ತೇನಿ."

ಕೇಳಿದಳಂತೆ. ಅವರು ಒಪ್ಪಿದರಂತೆ ಕೂಡ. ಆದರೆ ಕೊನೆಗೆ ಕರೆದರೂ ಎಷ್ಟು ಕೊನೆ? ಸಭೆಗೊಂದು ಅಂತ್ಯ ಬೇಡವೇ? ಅವಳ ಹೆಸರು ಕೂಗಿದ್ದು ನಾಲ್ಕೂ ಮುಕ್ಕಾಲಿಗೆ. ಗಂಗಕ್ಕನ ತಮ್ಮ ವಿಡಿಯೋ ಕಾಲ್ ಮಾಡಲು ನೋಡಿದನಂತೆ. ತಾಯಿ ಫೋನಿನಲ್ಲಾದರೂ ನೋಡಲಿ ಅಂತ. ಆಗ ನಾವು ಆಕಾಶದಲ್ಲಿದ್ದೆವು. ಫೋನು ಬಂದ್ ಆಗಿತ್ತು. ಬಸ್ಸಿಗೆ ಬಂದು, ಆ ಬಸ್ಸು ಎಲ್ಲೋ ದಾರಿಯಲ್ಲಿ ಕೆಟ್ಟು ನಿಂತಿದ್ದರೂ ಆ ತಾಯಿ ಅದನ್ನು ನೋಡುತ್ತಿದ್ದರು.

ನಾವು ಕಾಲೇಜು ಮುಟ್ಟಿದಾಗ ಆರೂವರೆ. ಸಭಾಂಗಣದಲ್ಲಿ ಖುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮೆಟ್ಟಿಲ ಮೇಲೆ ಬಿಳಿ ಸಮವಸ್ತ್ರದಲ್ಲಿ ರುಬಿನಾ ಕೂತಿದ್ದಳು, ಪಕ್ಕದಲ್ಲಿ ಗಂಗಕ್ಕ. ಅವಳ ಎದೆಯ ಮೇಲೆ ಬ್ಯಾಜ್ ಇತ್ತು.

ತಾಯಿ ಮಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಇಬ್ಬರೂ ಅಳಲಿಲ್ಲ. ಅತ್ತವರು ಗಂಗಕ್ಕ.

"ನಾ ಹೋಗಬಾರದಿತ್ತೇನೋಬೇ," ಎಂದು ಜೈತೂನಬಿಯ ಕೈ ಹಿಡಿದುಕೊಂಡರು. "ಹೆಸರು ಕೂಗಿದ್ರು. ಹುಡುಗಿ ಒಬ್ಬಾಕಿನ ಹೋಗಿ ನಿಂತ್ಳು. ಬಾಗಲದ ಕಡೀಗೆ ನೋಡಾಕತ್ತಿದ್ಳು. ನನಗ ತಡಕೊಳ್ಳಾಕ ಆಗಲಿಲ್ಲ. ಎದ್ದು ಹೋಗಿ ಹಚ್ಚಿಬಿಟ್ಟೆ. ಯಾರೂ ಕರದಿರಲಿಲ್ಲ ನನಗ."

"ಛಲೋ ಮಾಡಿದಿ," ಎಂದರು ಜೈತೂನಬಿ. "ಭಾಳ ಛಲೋ ಮಾಡಿದಿ ಗಂಗಕ್ಕ."

ಆಮೇಲೆ ಸೆರಗಿನ ತುದಿಯಿಂದ ಮಗಳ ಬ್ಯಾಜನ್ನು ಒಮ್ಮೆ ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

ನಾನು ನಾಲ್ಕು ಮೆಟ್ಟಿಲು ಕೆಳಗೆ ನಿಂತಿದ್ದೆ. ರುಬಿನಾ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಇವತ್ತು ಇದನ್ನು ಬರೆಯಬೇಕಾಗುತ್ತಿರಲಿಲ್ಲವೇನೋ. ಅವಳು ಕ್ಲಾಸಿನಲ್ಲಿ ಉತ್ತರ ಹೇಳುತ್ತಿದ್ದ ಹಾಗೆಯೇ, ಅಷ್ಟೇ ಮೆಲ್ಲಗೆ ಕೇಳಿದಳು.

"ಸರ್ರ, ನೇರ ವಿಮಾನ ಇಲ್ಲಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

ಒಂದೇ ಪ್ರಶ್ನೆ. ಹೌದು ಅಥವಾ ಇಲ್ಲ.

"ಇಲ್ಲವ್ವಾ," ಎಂದೆ. "ಕಡೀ ಗಳಿಗಿಗೆ ಗೊತ್ತಾತು."

ಹೇಳಿ ತಲೆ ಎತ್ತಿದರೆ ಎದುರಿಗೆ ಜೈತೂನಬಿ. ಅವರಿಗೆ ಗೊತ್ತಿತ್ತು. ನಾಲ್ಕು ದಿನ ಮೊದಲು ಫೋನಿನಲ್ಲಿ ಅವರಿಗೆ ಹೇಳಿದವನು ನಾನೇ. ಬಸ್ಸಿಗೆ ಹೋಗುತ್ತೇನೆ ಅಂದವರು ಅವರೇ. ಈಗ ಒಂದು ಮಾತು ಸಾಕಿತ್ತು ಅವರಿಗೆ. ಆ ಮಾತು ಆಡಿದ್ದರೆ ನ್ಯಾಯವೂ ಆಗಿರುತ್ತಿತ್ತು.

"ಹೌದು ಬೇಟಿ," ಎಂದರು ಅವರು. "ಪಾಪ, ಅವರಿಗೂ ಕಡೀಗೇ ಗೊತ್ತಾತು. ಸರ್ರು ಮುಂಜಾನಿಂದ ಏನೂ ತಿಂದಿಲ್ಲ. ಮೊದಲ ಊಟಕ್ಕ ನಡೀ."

ಸ್ವಂತ ಮಗಳ ಮುಂದೆ ಅವರು ನನಗಾಗಿ ಸುಳ್ಳು ಹೇಳಿದರು. ನಾನು ಹೂಂ ಎಂದು ಹಿಂದೆ ಹೋಗಿ ಊಟಕ್ಕೆ ಕೂತೆ. ಅನ್ನ ಇಳಿಯಿತೇ ಅಂತ ಕೇಳುತ್ತೀರಾ? ಇಳಿಯಿತು. ಅದೇ ನಾಚಿಕೆ.

ಮರಳುವ ವಿಮಾನದ ಟಿಕೆಟ್ ರದ್ದು ಮಾಡಿದೆ. ಮರುದಿನ ಸಂಜೆ ಮೂವರೂ ಇಳಕಲ್ಲಿನ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಅವರಿಬ್ಬರು, ಹಿಂದೆ ನಾನು. ಘಾಟು ಹತ್ತುವವರೆಗೂ ಗಂಗಕ್ಕ ಕಾರ್ಯಕ್ರಮದ ಕಥೆ ಹೇಳುತ್ತಿದ್ದರು. ಯಾರು ಬಂದಿದ್ದರು, ಯಾವ ಹಾಡು ಹಾಡಿದರು, ಹುಡುಗಿಯರು ಹೇಗೆ ಸಾಲಾಗಿ ನಿಂತಿದ್ದರು.

"ಆಮ್ಯಾಲ?" ಎನ್ನುತ್ತಿದ್ದರು ಜೈತೂನಬಿ.

"ಆಮ್ಯಾಲ ಹೆಸರು ಕೂಗಿದ್ರು. ನದಾಫ್ ರುಬಿನಾ ಅಂತ. ಮೈಕಿನಾಗ. ಇಡೀ ಹಾಲ್ ತುಂಬ ಕೇಳಿಸ್ತು."

"ಇನ್ನೊಮ್ಮೆ ಹೇಳು. ಹ್ಯಾಂಗ ಕೂಗಿದ್ರು?"

ಗಂಗಕ್ಕ ಇನ್ನೊಮ್ಮೆ ಹೇಳಿದರು. ಮತ್ತೂ ಒಮ್ಮೆ ಹೇಳಿಸಿಕೊಂಡರು ಇವರು. ಚಪ್ಪಾಳೆ ಎಷ್ಟು ಹೊತ್ತು ಬಿತ್ತು, ಮಗಳ ಕೈ ನಡುಗುತ್ತಿತ್ತೇ, ಬ್ಯಾಜಿನ ಪಿನ್ನು ಒಮ್ಮೆಲೇ ಸಿಕ್ಕಿತೇ, ಎಲ್ಲ. ಸಾವಿರ ಎಳೆ ಎಣಿಸಿದ ಹೆಂಗಸು. ಒಂದನ್ನೂ ಬಿಡಲಿಲ್ಲ.

ನಾನು ಹಿಂದೆ ಕೂತು ಎಲ್ಲವನ್ನೂ ಕೇಳಿದೆ. ಒಮ್ಮೆ ಮುಂದೆ ಬಾಗಿ, "ಜೈತೂನಬಿ, ನನ್ನಿಂದ ಭಾಳ ತಪ್ಪಾತ್ರಿ" ಎಂದೆ.

ಅವರು ಪೂರ್ತಿ ಹಿಂದೆ ತಿರುಗಲಿಲ್ಲ. "ನೀವು ಪ್ರೀತಿಲೆ ಮಾಡಿದ್ರಿ ಸರ್ರ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು.

ಪ್ರೀತಿಯಿಂದ ಮಾಡಿದೆನೇ? ಎ‌ಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ರೀತಿಯಾಗಿದ್ದರೆ ಅವರು ಬಸ್ಸಿಗೆ ಹೋಗುತ್ತೇನೆ ಅಂದಾಗ ಕಿವಿಗೆ ಬೀಳುತ್ತಿತ್ತು. ಆವತ್ತು ನನಗೆ ಕೇಳಿಸಿದ್ದು ಓಣಿಯ ಮಂದಿ ಆಡಿಕೊಂಡ ಮಾತು: ಜೈತೂನಬಿ ವಿಮಾನದಾಗ ಹೊಂಟಾಳಂತ, ಮಾಸ್ತರು ಕರಕೊಂಡ ಹೊಂಟಾರಂತ. ನಾವು ಇನ್ನೊಬ್ಬರಿಗೆ ಮಾಡುವ ಉಪಕಾರದಲ್ಲಿ ಅವರ ಪಾಲು ಎಷ್ಟು, ನಮ್ಮ ಪಾಲು ಎಷ್ಟು? ಇದನ್ನು ಅಳೆದು ಹೇಳುವ ಪುಟ ಇಂಟರ್ನೆಟ್ಟಿನಲ್ಲಿ ಇಲ್ಲ.

ಅಂದ ಹಾಗೆ, ಹುನಗುಂದದ ಆ ಅಳಿಯನಿಗೆ ಊಟ ಮುಗಿದ ಮೇಲೆ ಕೈ ತೊಳೆಯುವಲ್ಲಿ ಹೇಳಿದೆ, "ನಿಮ್ಮ ಮಾವಾರಿಗೆ ಹ್ಯಾಂಗ ಹೋಗೂದು ಅನುಕೂಲ ಅಂತ ಅವರನ್ನ ಕೇಳಿ ನೋಡಪಾ." ಅವನು ವಿಚಿತ್ರವಾಗಿ ನೋಡಿದ. ಮಾವ, ಅಂದರೆ ನಮ್ಮ ಬೀಗರು, ಅಲ್ಲೇ ಟವೆಲ್ ಹಿಡಿದು ನಿಂತಿದ್ದರು. "ನನಗ ಟ್ರೇನೇ ಬೇಕು" ಎಂದರು, ಯಾರೂ ಕೇಳದೆಯೇ.

ಅಲ್ಲಿಂದ ಬರುವಾಗ ಇಳಕಲ್ಲಿಗೂ ಹೋಗಿದ್ದೆ. ವರ್ಷದಲ್ಲಿ ಅದೇ ಮೊದಲ ಸಲ. ಜೈತೂನಬಿ ಚಹಾ ಕೊಟ್ಟರು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಫೋಟೋ. ಬಿಳಿ ಸಮವಸ್ತ್ರದ ರುಬಿನಾ, ಅವಳ ಎದೆಗೆ ಬ್ಯಾಜ್ ಹಚ್ಚುತ್ತಿರುವ ಗಂಗಕ್ಕ, ಹಣೆಯ ತುಂಬ ಕುಂಕುಮ, ಅವಸರದಲ್ಲಿ ಎದ್ದು ಬಂದದ್ದರಿಂದ ಕಾಲಲ್ಲಿ ಚಪ್ಪಲಿ ಇಲ್ಲ. ಬಂದವರಿಗೆಲ್ಲ ಜೈತೂನಬಿ ಅದನ್ನು ತೋರಿಸುತ್ತಾರಂತೆ. ನನಗೂ ತೋರಿಸಿದರು. ನಾನು ಬಹಳ ಹೊತ್ತು ನೋಡಲಿಲ್ಲ.

ರುಬಿನಾ ಈಗ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಈ ಅಂಕಣವನ್ನು ಮೊಬೈಲಿನಲ್ಲಿ ಓದುತ್ತಾಳೆ, ಒಂದು ವಾರವೂ ತಪ್ಪಿಸುವುದಿಲ್ಲ ಅಂತ ಅವಳ ತಾಯಿ ಹೇಳಿದರು. "ಸರ್ರು ಖರೆ ಬರೀತಾರ ಅಂತಾಳ್ರಿ."

ರುಬಿನಾ, ನಿಮ್ಮ ಅಮ್ಮ ನಾಲ್ಕು ದಿನ ಮೊದಲೇ ಬಸ್ಸಿಗೆ ಹೋಗುತ್ತೇನೆ ಅಂದಿದ್ದರು; ಬೇಡ ಎಂದವನು ನಾನು.